ಆರು ಚುಕ್ಕೆಗಳ ಮೇಷ್ಟ್ರು: ಲೂಯಿ ಬ್ರೈಲ್

– ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ತಂತ್ರಜ್ಞಾನ ಮತ್ತು ತರಗತಿ ಎಂಬ ವಿಷಯದ ಮೇಲೆ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಹಿರಿಯರು ಕೇಳಿದರು. ಸಾಫ್ಟ್‌ವೇರ್ ಕೆಲಸದಲ್ಲಿರುವವನು ಸ್ಮಾರ್ಟ್ ಬೋರ್ಡ್, ಟ್ಯಾಬ್, ಕೃತಕ ಬುದ್ಧಿಮತ್ತೆಯ ಬಗ್ಗೆ ಬರೆಯುತ್ತಾನೆಂದು ಅವರು ನಿರೀಕ್ಷಿಸಿರಬಹುದು. ಆದರೆ ತರಗತಿಯ ಹೊರಗೆ ನಿಂತಿದ್ದ ಮಗುವನ್ನು ನಿಜವಾಗಿ ಒಳಗೆ ಕರೆತಂದ ತಂತ್ರಜ್ಞಾನ ಯಾವುದು ಎಂದು ಕೇಳಿಕೊಂಡರೆ ನನಗೆ ಮೊದಲು ನೆನಪಾಗುವುದು ವಿದ್ಯುತ್ತೇ ಬೇಡದ ಒಂದು ಉಪಾಯ. ಒಂದು ದಪ್ಪ ಕಾಗದ, ಒಂದು ಮೊನೆಯ ಕಡ್ಡಿ, ಆರು ಚುಕ್ಕೆ. ಅದನ್ನು ಕಂಡುಹಿಡಿದವನು ವಿಜ್ಞಾನಿಯಲ್ಲ, ಶ್ರೀಮಂತನಲ್ಲ. ಹದಿನೈದು ವರ್ಷದ ಒಬ್ಬ ವಿದ್ಯಾರ್ಥಿ. ನಮ್ಮ ಶಾಲೆಯ ಒಂಬತ್ತು, ಹತ್ತನೇ ತರಗತಿಯ ಮಕ್ಕಳ ವಯಸ್ಸು. ಮುಂದೆ ಅವನು ಮೇಷ್ಟ್ರಾದ. ಶಾಲೆಯ ಸಂಚಿಕೆಯಲ್ಲಿ ಅವನ ಬದುಕಿನ ಕಥೆ ಬರುವುದು ಸರಿಯೆಂದು ನನಗೆ ತೋರಿತು.

ಪ್ಯಾರಿಸ್ ನಗರದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕೂವ್ರೆ ಎಂಬ ಹಳ್ಳಿಯಿದೆ. ಅಲ್ಲಿ ಸಿಮೋನ್ ರೆನೆ ಬ್ರೈಲ್ ಎಂಬಾತ ಕುದುರೆಗಳ ಜೀನು, ಲಗಾಮು, ಪಟ್ಟಿಗಳನ್ನು ಹೊಲಿಯುವ ಚರ್ಮದ ಕಸುಬಿನವನು. ಹೆಂಡತಿ ಮೋನಿಕ್. ನಾಲ್ಕು ಮಕ್ಕಳಲ್ಲಿ ಕೊನೆಯವನಾಗಿ 1809ರ ಜನವರಿ 4ರಂದು ಲೂಯಿ ಹುಟ್ಟಿದ. ಮೂರು ವರ್ಷದ ಕೂಸು ಅಪ್ಪನ ಕೆಲಸದ ಕೋಣೆಯಲ್ಲಿ ಆಡುತ್ತ, ಅಪ್ಪನ ಹಾಗೆಯೇ ಚರ್ಮಕ್ಕೆ ತೂತು ಹಾಕಲು ಹೋಯಿತು. ದಬ್ಬಳದಂಥ ಆ ಚೂಪು ಹತಾರ ಜಾರಿ ಒಂದು ಕಣ್ಣಿಗೆ ಚುಚ್ಚಿತು. ನಂಜು ನಿರೋಧಕ ಔಷಧಿಗಳಿಲ್ಲದ ಕಾಲ. ಗಾಯದ ಬೇನೆ ಇನ್ನೊಂದು ಕಣ್ಣಿಗೂ ಹಬ್ಬಿತು. ಐದು ವರ್ಷ ತುಂಬುವ ಹೊತ್ತಿಗೆ ಹುಡುಗನಿಗೆ ಎರಡೂ ಕಣ್ಣು ಹೋಗಿದ್ದವು.

ಆಗಿನ ಯುರೋಪಿನ ಹಳ್ಳಿಗಳಲ್ಲಿ ಕಣ್ಣು ಕಾಣದ ಬಡ ಮಗುವಿನ ಮುಂದಿದ್ದ ದಾರಿ ಹೆಚ್ಚೂಕಡಿಮೆ ಒಂದೇ, ಭಿಕ್ಷೆ. ಲೂಯಿಯ ಮನೆಯವರು ಅದನ್ನು ಒಪ್ಪಲಿಲ್ಲ. ಅಪ್ಪ ಅವನಿಗೊಂದು ಊರುಗೋಲು ಮಾಡಿಕೊಟ್ಟ. ಮರದ ಹಲಗೆಯ ಮೇಲೆ ಮೊಳೆಗಳನ್ನು ಅಕ್ಷರದ ಆಕಾರದಲ್ಲಿ ಹೊಡೆದು, ಬೆರಳಿನಿಂದ ತಡವಿ ಅಕ್ಷರ ಕಲಿಯುವಂತೆ ಮಾಡಿದ. ಊರಿನ ಪಾದ್ರಿ ಪಾಲ್ವಿ ಅವರು ಹುಡುಗನನ್ನು ಹತ್ತಿರ ಕೂರಿಸಿಕೊಂಡು ಪಾಠ ಹೇಳಿದರು. ಅವನ ಬುದ್ಧಿ ಕಂಡು, ಇವನನ್ನು ಶಾಲೆಗೆ ಸೇರಿಸಿಕೊಳ್ಳಬೇಕೆಂದು ಊರಿನ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರ ಹೆಸರು ಆಂತ್ವಾನ್ ಬೆಷೆರೆ. ಅವರು ಒಪ್ಪಿದರು.

ಈ ಒಂದು ಒಪ್ಪಿಗೆಯ ಬಳಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬೆಷೆರೆ ಮೇಷ್ಟ್ರಿಗೆ ವಿಶೇಷ ತರಬೇತಿ ಇರಲಿಲ್ಲ. ಸಲಕರಣೆ ಇರಲಿಲ್ಲ. ಸೇರಿಸಿಕೊಳ್ಳಲೇಬೇಕೆಂದು ಹೇಳುವ ಕಾನೂನೂ ಇರಲಿಲ್ಲ. ಉಳಿದ ಮಕ್ಕಳ ಜೊತೆ ಬೆಂಚಿನ ಮೇಲೆ ಒಂದು ಜಾಗ ಮಾತ್ರ ಅವರು ಕೊಟ್ಟರು. ಕಿವಿಯಿಂದ ಕೇಳಿ, ನೆನಪಿನಲ್ಲಿಟ್ಟುಕೊಂಡು, ಲೂಯಿ ತರಗತಿಯ ಮುಂದಿನ ಸಾಲಿನ ಹುಡುಗನಾದ. ಆದರೆ ಪುಸ್ತಕ ತೆಗೆಯಿರಿ ಎಂದಾಗ ಅವನು ಸುಮ್ಮನೆ ಕೂರಬೇಕಿತ್ತು. ಜಾಗ ಸಿಕ್ಕಿತ್ತು, ಪುಟ ಸಿಕ್ಕಿರಲಿಲ್ಲ. ಅವನ ಮುಂದಿನ ಬದುಕೆಲ್ಲ ಈ ಎರಡರ ನಡುವಿನ ಅಂತರವನ್ನು ದಾಟುವುದರಲ್ಲೇ ಕಳೆಯಿತು.

1819ರಲ್ಲಿ, ಹತ್ತನೇ ವಯಸ್ಸಿಗೆ, ಲೂಯಿ ಪ್ಯಾರಿಸ್ಸಿನ ಅಂಧ ಮಕ್ಕಳ ರಾಜ ಶಾಲೆಗೆ ಸೇರಿದ. ವ್ಯಾಲೆಂಟಿನ್ ಹೌಯಿ ಎಂಬ ಮಹನೀಯರು 1780ರ ದಶಕದಲ್ಲಿ ಆರಂಭಿಸಿದ ಈ ಶಾಲೆ ಅಂಥ ಮಕ್ಕಳಿಗಾಗಿ ಜಗತ್ತಿನಲ್ಲೇ ಮೊದಲನೆಯದು. ಕಟ್ಟಡ ಮಾತ್ರ ಹಳೆಯದು. ತೇವ, ಥಂಡಿ, ಕತ್ತಲೆ. ಊಟ ಅಷ್ಟಕ್ಕಷ್ಟೆ, ಶಿಸ್ತು ಕಟ್ಟುನಿಟ್ಟು. ಮುಂದೆ ಲೂಯಿಗೆ ಅಂಟಿದ ಕ್ಷಯರೋಗಕ್ಕೆ ಆ ಥಂಡಿ ಗೋಡೆಗಳೂ ಕಾರಣವೆಂದು ಅವನ ಜೀವನ ಬರೆದವರು ಹೇಳುತ್ತಾರೆ.

ಆ ಶಾಲೆಯಲ್ಲಿ ಪುಸ್ತಕಗಳಿದ್ದವು. ಒದ್ದೆ ಮಾಡಿದ ದಪ್ಪ ಕಾಗದವನ್ನು ದೊಡ್ಡ ಅಚ್ಚುಮೊಳೆಗಳ ಮೇಲೆ ಒತ್ತಿ, ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ತೆಗೆಯುವುದು ಹೌಯಿ ಅವರ ಪದ್ಧತಿ. ಒಂದೊಂದು ಅಕ್ಷರದ ಸುತ್ತುಬಳಸನ್ನೂ ಬೆರಳಿನಿಂದ ಹಿಂಬಾಲಿಸಬೇಕು. ಒಂದು ವಾಕ್ಯ ಮುಗಿಯುವ ಹೊತ್ತಿಗೆ ಅದರ ಮೊದಲ ಪದ ಮರೆತುಹೋಗುವಷ್ಟು ನಿಧಾನ. ಒಂದು ಪುಸ್ತಕ ಎತ್ತಲು ಮಕ್ಕಳಿಗೆ ಕಷ್ಟವಾಗುವಷ್ಟು ಭಾರ. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಮಕ್ಕಳು ಅದರಲ್ಲಿ ಓದಬಹುದಿತ್ತೇ ಹೊರತು ತಾವಾಗಿ ಟಿಪ್ಪಣಿ ಬರೆದುಕೊಳ್ಳುವಂತಿರಲಿಲ್ಲ. ಅಕ್ಷರದ ರೂಪ ಕಣ್ಣಿಗೆ ಸರಿಹೋಗುವಂಥದ್ದು; ಬೆರಳಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ.

1821ರಲ್ಲಿ ಶಾರ್ಲ್ ಬಾರ್ಬಿಯೇ ಎಂಬ ಫಿರಂಗಿ ದಳದ ಅಧಿಕಾರಿ ತಾನು ರೂಪಿಸಿದ ಚುಕ್ಕೆ ಬರವಣಿಗೆಯನ್ನು ಈ ಶಾಲೆಗೆ ತಂದು ತೋರಿಸಿದ. ಉಬ್ಬಿದ ಗೆರೆಗಿಂತ ಉಬ್ಬಿದ ಚುಕ್ಕೆ ಬೆರಳಿಗೆ ಬೇಗ ತಿಳಿಯುತ್ತದೆ ಎಂಬುದು ಅವನ ದೊಡ್ಡ ಕಾಣಿಕೆ. ಅವನು ಭಾಷೆಯ ಧ್ವನಿಗಳನ್ನು ಆರು ಸಾಲು, ಆರು ಕಂಬಸಾಲುಗಳ ಒಂದು ಕೋಷ್ಟಕದಲ್ಲಿಟ್ಟಿದ್ದ. ಎಡಗಡೆಯ ಚುಕ್ಕೆಗಳನ್ನು ಎಣಿಸಿದರೆ ಎಷ್ಟನೇ ಸಾಲು, ಬಲಗಡೆಯವನ್ನು ಎಣಿಸಿದರೆ ಎಷ್ಟನೇ ಕಂಬಸಾಲು. ಒಂದು ಗುರುತಿನಲ್ಲಿ ಹನ್ನೆರಡು ಚುಕ್ಕೆಗಳವರೆಗೂ ಇರಬಹುದು.

ಹನ್ನೆರಡು ವರ್ಷದ ಲೂಯಿ ಇದನ್ನು ಬಹುಬೇಗ ಕಲಿತ. ಅದರ ತೊಡಕುಗಳನ್ನೂ ಅಷ್ಟೇ ಬೇಗ ಕಂಡುಕೊಂಡ. ಗುರುತು ಬೆರಳತುದಿಗಿಂತ ದೊಡ್ಡದು, ಒಂದೇ ಮುಟ್ಟಿಗೆ ತಿಳಿಯುವುದಿಲ್ಲ. ಬೆರಳನ್ನು ಮೇಲೆ ಕೆಳಗೆ ಆಡಿಸುತ್ತ ಚುಕ್ಕೆ ಎಣಿಸಬೇಕು. ಧ್ವನಿಯನ್ನು ಮಾತ್ರ ಬರೆಯುವುದರಿಂದ ಕಾಗುಣಿತವಿಲ್ಲ, ವಿರಾಮಚಿಹ್ನೆಯಿಲ್ಲ, ಅಂಕಿಯಿಲ್ಲ, ಸಂಗೀತದ ಸ್ವರಲಿಪಿಯಿಲ್ಲ. ಸಂದೇಶ ತಲುಪಿಸಲು ಇದು ಸಾಕಾಗಬಹುದು. ಓದು ಕಲಿಯಲು ಸಾಲದು. ಫ್ರೆಂಚಿನಲ್ಲಿ ಬರೆಯುವುದೊಂದು, ಉಚ್ಚರಿಸುವುದೊಂದು. ಕಣ್ಣಿದ್ದ ಮಕ್ಕಳು ಕಲಿಯುವ ಕಾಗುಣಿತವನ್ನೇ ತಾನೂ ಕಲಿಯಬೇಕು ಎಂಬುದು ಆ ಹುಡುಗನ ಹಟ. ತನಗೆಂದು ಸುಲಭ ಮಾಡಿದ ಅರ್ಧ ಪಾಠ ಅವನಿಗೆ ಬೇಕಿರಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ, ರಜೆಗೆ ಊರಿಗೆ ಹೋದಾಗ, ಬಿಡುವು ಸಿಕ್ಕಾಗಲೆಲ್ಲ ಕಾಗದಕ್ಕೆ ಚುಕ್ಕೆ ಚುಚ್ಚುತ್ತ ಕೂರುತ್ತಿದ್ದ. ಚುಚ್ಚುವ ಆ ಕಡ್ಡಿ, ಅವನ ಕಣ್ಣು ತೆಗೆದ ಹತಾರದ ಹತ್ತಿರದ ನಂಟು. 1824ರ ಹೊತ್ತಿಗೆ, ಹದಿನೈದನೇ ವಯಸ್ಸಿನಲ್ಲಿ, ಪದ್ಧತಿ ಸಿದ್ಧವಾಯಿತು. ಹನ್ನೆರಡು ಚುಕ್ಕೆಗಳನ್ನು ಆರಕ್ಕೆ ಇಳಿಸಿದ್ದ. ಎಡಕ್ಕೆ ಮೂರು, ಬಲಕ್ಕೆ ಮೂರು. ಇಡೀ ಗುರುತು ಬೆರಳತುದಿಯ ಕೆಳಗೆ ಒಂದೇ ಸಲಕ್ಕೆ ಅಡಗುತ್ತದೆ.

ನನ್ನ ಕಸುಬಿನವರಿಗೆ ಇದರ ಸೊಗಸು ಕೂಡಲೇ ಹೊಳೆಯುತ್ತದೆ. ಪ್ರತಿ ಚುಕ್ಕೆಯೂ ಇದೆ ಅಥವಾ ಇಲ್ಲ, ಎರಡೇ ಸ್ಥಿತಿ. ಕಂಪ್ಯೂಟರಿನ ಒಂದು ಮತ್ತು ಸೊನ್ನೆಯ ಹಾಗೆ. ಆರು ಚುಕ್ಕೆಗಳಿಗೆ ಎರಡನ್ನು ಆರು ಸಲ ಗುಣಿಸಿದರೆ 64. ಏನೂ ಇಲ್ಲದ ಖಾಲಿ ಮನೆ ಬಿಟ್ಟರೆ 63 ಗುರುತು. ಅವನ್ನು ಲೂಯಿ ಮನಬಂದಂತೆ ಹಂಚಲಿಲ್ಲ. ಮೊದಲ ಹತ್ತು ಅಕ್ಷರಗಳಿಗೆ ಮೇಲಿನ ನಾಲ್ಕು ಚುಕ್ಕೆಗಳನ್ನಷ್ಟೇ ಬಳಸಿದ. ಮುಂದಿನ ಹತ್ತಕ್ಕೆ ಅದೇ ಆಕಾರಗಳಿಗೆ ಕೆಳಗಿನ ಎಡಚುಕ್ಕೆಯನ್ನು ಸೇರಿಸಿದ. ಅದರ ಮುಂದಿನವಕ್ಕೆ ಕೆಳಗಿನ ಎರಡೂ ಚುಕ್ಕೆ. ಅಂದರೆ ಹತ್ತು ಆಕಾರ ಬಾಯಿಪಾಠವಾದರೆ ಉಳಿದದ್ದು ನಿಯಮದಿಂದ ತಾನಾಗಿ ಬರುತ್ತದೆ. ಅದೇ ಹತ್ತು ಆಕಾರಗಳ ಮುಂದೆ ಒಂದು ಸಂಖ್ಯಾ ಗುರುತು ಇಟ್ಟರೆ ಅಂಕಿಗಳು. ನೆನಪಿಗೆ ಹೊರೆಯಾಗದ ಹಾಗೆ ಕೋಷ್ಟಕ ಕಟ್ಟುವುದು ಅನುಭವವಿರುವ ಎಂಜಿನಿಯರ್‌ಗಳಿಗೂ ಸುಲಭವಲ್ಲ.

ಬರೆಯುವುದಕ್ಕೆ ಬೇಕಾದದ್ದು ಮನೆಮನೆಯಾಗಿ ಕಿಂಡಿಗಳಿರುವ ಒಂದು ಪಟ್ಟಿ ಮತ್ತು ಕಡ್ಡಿ. ಕಾಗದವನ್ನು ಪಟ್ಟಿಯೊಳಗೆ ಸಿಕ್ಕಿಸಿ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಹಾಳೆ ತಿರುವಿದಾಗ ಚುಕ್ಕೆಗಳು ಉಬ್ಬಿ ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತವೆ. ಶಾಲೆಯ ಮುಖ್ಯಸ್ಥರಾಗಿದ್ದ ಪಿನ್ಯೇ ಅವರು ಬೆಂಬಲಿಸಿದರು. ಮಕ್ಕಳು ಮೊದಲ ಬಾರಿಗೆ ಪಾಠದ ಟಿಪ್ಪಣಿ ಬರೆದುಕೊಂಡರು. ತಾವು ಬರೆದದ್ದನ್ನು ತಾವೇ ಮತ್ತೆ ಓದಿ ತಿದ್ದಿಕೊಂಡರು.

ಲೂಯಿ ಅದೇ ಶಾಲೆಯಲ್ಲಿ ಕಲಿಸತೊಡಗಿ, 1833ರಲ್ಲಿ ಪೂರ್ಣ ಪ್ರಮಾಣದ ಶಿಕ್ಷಕನಾದ. ವ್ಯಾಕರಣ, ಇತಿಹಾಸ, ಭೂಗೋಳ, ಗಣಿತ, ಸಂಗೀತ ಎಲ್ಲವನ್ನೂ ಹೇಳಿಕೊಟ್ಟ. ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದ. 1829ರಲ್ಲಿ ತನ್ನ ಪದ್ಧತಿಯನ್ನು ವಿವರಿಸುವ ಪುಸ್ತಕ ಹೊರತಂದ. ಅದರಲ್ಲಿ ಮಾತಿನ ಬರವಣಿಗೆಯ ಜೊತೆ ಸಂಗೀತದ ಬರವಣಿಗೆಯೂ ಇತ್ತು. ಬಾರ್ಬಿಯೇಗೆ ತಾನು ಎಷ್ಟು ಋಣಿ ಎಂಬುದನ್ನು ಅದರಲ್ಲೇ ದಾಖಲಿಸಿದ. ಚುಕ್ಕೆ ಲಿಪಿಯ ಈ ಮೊದಲ ಪುಸ್ತಕದ ವಿವರಣೆಯನ್ನು ಹಳೆಯ ಉಬ್ಬಕ್ಷರದಲ್ಲೇ ಅಚ್ಚು ಹಾಕಬೇಕಾಗಿ ಬಂತು. ಬೇರೆ ಲಿಪಿ ಓದುವವರು ಇನ್ನೂ ಇರಲಿಲ್ಲವಲ್ಲ. ಆ ಆವೃತ್ತಿಯಲ್ಲಿ ಕೆಲವು ಗುರುತುಗಳಿಗೆ ಚುಕ್ಕೆಯ ಜೊತೆ ಸಣ್ಣ ಗೆರೆಗಳಿದ್ದವು. ಬಳಕೆಯಲ್ಲಿ ಗೆರೆಗಳು ತೊಡಕೆಂದು ಕಂಡಾಗ 1837ರ ಆವೃತ್ತಿಯಲ್ಲಿ ಅವನ್ನು ಕೈಬಿಟ್ಟ.

ಎಲ್ಲವೂ ನೇರವಾಗಿ ಸಾಗಲಿಲ್ಲ. 1840ರಲ್ಲಿ ಪಿನ್ಯೇ ಅವರನ್ನು ಹುದ್ದೆಯಿಂದ ಸರಿಸಿ ದುಫೊ ಎಂಬವರು ಮುಖ್ಯಸ್ಥರಾದರು. ಅವರು ಚುಕ್ಕೆ ಲಿಪಿಯನ್ನು ಶಾಲೆಯಲ್ಲಿ ನಿಷೇಧಿಸಿದರು. ಅವರ ಕಡೆಯ ವಾದವನ್ನೂ ನಾವು ಕೇಳಿಸಿಕೊಳ್ಳಬೇಕು. ಅದು ಇಂದಿಗೂ ಬೇರೆ ಬೇರೆ ರೂಪದಲ್ಲಿ ಬರುವ ವಾದ. ಕಣ್ಣು ಕಾಣದವರಿಗೆ ಬೇರೆಯದೇ ಲಿಪಿ ಕೊಟ್ಟರೆ ಅವರು ಉಳಿದ ಸಮಾಜದಿಂದ ಇನ್ನೂ ದೂರವಾಗುತ್ತಾರೆ, ಎಲ್ಲರೂ ಓದುವ ಅಕ್ಷರವನ್ನೇ ಅವರೂ ಓದಲಿ ಎಂಬುದು ಆ ಕಾಲದ ಹಲವರ ನಂಬಿಕೆ. ಮೇಲ್ನೋಟಕ್ಕೆ ಇದು ಸಮಾನತೆಯ ಮಾತಿನಂತೆ ಕೇಳಿಸುತ್ತದೆ. ಆದರೆ ಎಲ್ಲರಿಗೂ ಒಂದೇ ಅಕ್ಷರ ಕೊಟ್ಟು, ಒಬ್ಬ ನಿಮಿಷಕ್ಕೆ ಒಂದು ಪುಟ, ಇನ್ನೊಬ್ಬ ನಿಮಿಷಕ್ಕೆ ಒಂದು ಪದ ಓದುವಂತಾದರೆ ಅದನ್ನು ಸಮಾನತೆ ಎನ್ನಲಾಗದು. ಒಂದೇ ಪಾಠಕ್ಕೆ ತಲುಪುವುದು ಮುಖ್ಯ; ದಾರಿ ಒಂದೇ ಇರಬೇಕಿಲ್ಲ.

ಕಣ್ಣಿದ್ದವರಿಂದ ದೂರವಾಗುವ ಆತಂಕಕ್ಕೆ ಲೂಯಿಯ ಬಳಿ ಉತ್ತರವೂ ಇತ್ತು. 1839ರಲ್ಲೇ ಅವನು ಇನ್ನೊಂದು ಪದ್ಧತಿ ಪ್ರಕಟಿಸಿದ್ದ. ಅದರಲ್ಲಿ ಚುಕ್ಕೆಗಳನ್ನು ಲೆಕ್ಕದ ಪ್ರಕಾರ ಒತ್ತುತ್ತ ಹೋದರೆ ಕಾಗದದ ಮೇಲೆ ಸಾಮಾನ್ಯ ಅಕ್ಷರದ ಆಕಾರವೇ ಮೂಡುತ್ತಿತ್ತು. ಕಣ್ಣು ಕಾಣದ ಮಗ ತಾನೇ ಬರೆದ ಕಾಗದವನ್ನು ಊರಿನ ತಾಯಿ ಕಣ್ಣಿನಿಂದ ಓದಬಹುದಿತ್ತು. ಅದೇ ಶಾಲೆಯ ಹಳೆಯ ವಿದ್ಯಾರ್ಥಿ, ದೃಷ್ಟಿಯಿಲ್ಲದ ಯಂತ್ರಕುಶಲಿ ಫುಕೊ ಈ ಕೆಲಸಕ್ಕೆಂದೇ 1840ರ ದಶಕದ ಮೊದಲ ವರ್ಷಗಳಲ್ಲಿ ಒಂದು ಯಂತ್ರ ಕಟ್ಟಿಕೊಟ್ಟ. ನಮ್ಮಲ್ಲಿ ಬಸ್ ಟಿಕೆಟ್, ಬ್ಯಾಂಕ್ ಪಾಸ್‌ಬುಕ್ ಮುದ್ರಿಸಿದ ಚುಕ್ಕೆ ಪ್ರಿಂಟರ್‌ಗಳ ತತ್ವವೂ ಇದೇ, ಚುಕ್ಕೆಗಳಿಂದ ಅಕ್ಷರ.

ನಿಷೇಧವಿದ್ದರೂ ಮಕ್ಕಳು ಗುಟ್ಟಾಗಿ ಚುಕ್ಕೆಯಲ್ಲೇ ಬರೆಯುತ್ತಿದ್ದರು. ರುಚಿ ಕಂಡ ಕೈಗಳು ಬಿಡಲಿಲ್ಲ. ಕೊನೆಗೆ ಉಪಮುಖ್ಯಸ್ಥ ಗ್ವಾದೆ ಅವರು ದುಫೊ ಅವರ ಮನವೊಲಿಸಿದರು. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯ ದಿನ, ಗಣ್ಯರೆಲ್ಲ ಸೇರಿದ್ದ ಸಭೆಯಲ್ಲಿ, ಗ್ವಾದೆ ಚುಕ್ಕೆ ಲಿಪಿಯ ಬಗ್ಗೆ ಮಾತನಾಡಿದರು. ಮಕ್ಕಳು ಬರೆದು, ಓದಿ ತೋರಿಸಿದರು. ವಿದ್ಯಾರ್ಥಿಗಳ ಕೈಗೆ ಲಿಪಿ ಬಹಿರಂಗವಾಗಿ ಮರಳಿತು.

ಅಷ್ಟರಲ್ಲಿ ಲೂಯಿ ಮೇಷ್ಟ್ರ ಎದೆ ಸೋತಿತ್ತು. ಕ್ಷಯ ಉಲ್ಬಣಿಸಿದಾಗ ಪಾಠ ಬಿಡುವುದು, ಊರಿಗೆ ಹೋಗಿ ಸುಧಾರಿಸಿಕೊಳ್ಳುವುದು, ಮತ್ತೆ ಬಂದು ತರಗತಿಗೆ ನಿಲ್ಲುವುದು, ಹೀಗೆ ವರ್ಷಗಳು ಕಳೆದವು. 1852ರ ಜನವರಿ 6ರಂದು, ನಲವತ್ತಮೂರು ತುಂಬಿದ ಎರಡೇ ದಿನಕ್ಕೆ ತೀರಿಕೊಂಡ. ತೆರೆಯದೆ ಸುಟ್ಟುಬಿಡಬೇಕೆಂದು ತಿಳಿಸಿ ಅವನು ಬಿಟ್ಟುಹೋದ ಒಂದು ಪೆಟ್ಟಿಗೆಯಿತ್ತು. ಗೆಳೆಯರು ತೆರೆದು ನೋಡಿದರೆ, ಬಡ ವಿದ್ಯಾರ್ಥಿಗಳು ಅವನಿಂದ ಸಾಲ ಪಡೆದ ಚೀಟಿಗಳು. ಸಾಲ ವಸೂಲಾಗಬಾರದೆಂದೇ ಸುಡಲು ಹೇಳಿದ್ದ. ಮಾಸ್ತರಿಕೆಯ ಸಂಬಳ ಎಷ್ಟೆಂದು ಬಲ್ಲ ನಮ್ಮ ಗುರುಗಳಿಗೆ ಆ ಪೆಟ್ಟಿಗೆಯ ತೂಕ ನಾನು ವಿವರಿಸಬೇಕಿಲ್ಲ.

ಅವನ ಸ್ವಂತ ಶಾಲೆ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಅವನು ಹೋಗಿ ಎರಡು ವರ್ಷದ ಮೇಲೆ. 1878ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಇದನ್ನೇ ಎತ್ತಿಹಿಡಿಯಿತು. 1952ರಲ್ಲಿ, ನೂರನೇ ಪುಣ್ಯತಿಥಿಯ ವರ್ಷ, ಫ್ರಾನ್ಸ್ ಅವನ ದೇಹವನ್ನು ರಾಷ್ಟ್ರದ ಮಹನೀಯರ ಸಮಾಧಿಸ್ಥಳವಾದ ಪ್ಯಾಂಥಿಯನ್‌ಗೆ ಒಯ್ದು ಗೌರವಿಸಿತು. ಕೈಗಳನ್ನು ಮಾತ್ರ ಕೂವ್ರೆ ಹಳ್ಳಿ ತನ್ನಲ್ಲೇ ಉಳಿಸಿಕೊಂಡಿತು.

ನಮ್ಮ ನಾಡಿಗೂ ಈ ಕೈಗಳ ಋಣ ಉಂಟು. ಮೈಸೂರಿನಲ್ಲಿ 1901ರಲ್ಲೇ ಕಣ್ಣು ಕಾಣದ ಮತ್ತು ಕಿವಿ ಕೇಳದ ಮಕ್ಕಳಿಗಾಗಿ ಶಾಲೆ ಆರಂಭವಾಯಿತು. ಭಾರತದಲ್ಲಿ ಮೊದಲು ಪ್ರದೇಶಕ್ಕೊಂದು ಬಗೆಯ ಬ್ರೈಲ್ ಇತ್ತು. ಸ್ವಾತಂತ್ರ್ಯದ ನಂತರ, 1951ರಲ್ಲಿ, ಎಲ್ಲ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ರೂಪುಗೊಂಡಿತು. ಅದರಲ್ಲಿ ಕನ್ನಡದ ಕ, ತೆಲುಗಿನ ಕ, ಹಿಂದಿಯ ಕ ಎಲ್ಲಕ್ಕೂ ಒಂದೇ ಗುರುತು: ಎಡಗಡೆಯ ಮೇಲಿನ ಮತ್ತು ಕೆಳಗಿನ ಚುಕ್ಕೆ. ಕಿ ಬರೆಯಬೇಕಾದರೆ ಕ ಬರೆದು ಮುಂದೆ ಇ ಬರೆದರಾಯಿತು. ತಲೆಕಟ್ಟು, ಗುಡಿಸು, ಕೊಂಬುಗಳ ಚಿತ್ತಾರವಿಲ್ಲ. ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. 2009ರಲ್ಲಿ ಬ್ರೈಲ್ ಹುಟ್ಟಿ ಇನ್ನೂರು ವರ್ಷವಾದಾಗ ಭಾರತ ಸರ್ಕಾರ ಅವನ ಚಿತ್ರವಿರುವ ಎರಡು ರೂಪಾಯಿ ನಾಣ್ಯ ಹೊರತಂದಿತು.

ಈಗ ಮಾತನಾಡುವ ಕಂಪ್ಯೂಟರ್ ಬಂದಿದೆಯಲ್ಲ, ಇನ್ನು ಚುಕ್ಕೆ ಏಕೆ ಎಂದು ಕೆಲವರು ಕೇಳುತ್ತಾರೆ. ನಮ್ಮ ತಂಡದಲ್ಲಿ ಹುಟ್ಟಿನಿಂದ ದೃಷ್ಟಿಯಿಲ್ಲದ ಸಹೋದ್ಯೋಗಿಯೊಬ್ಬರಿದ್ದಾರೆ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ನಮಗೆ ಅರ್ಥವಾಗದಷ್ಟು ವೇಗದಲ್ಲಿ ಕೇಳಿಸಿಕೊಂಡು ಕೆಲಸ ಮಾಡುತ್ತಾರೆ. ಆದರೆ ಪ್ರೋಗ್ರಾಮಿನಲ್ಲಿ ಒಂದು ಆವರಣ ಚಿಹ್ನೆ, ಒಂದು ಅಲ್ಪವಿರಾಮ ಎಲ್ಲಿ ತಪ್ಪಿದೆ ಎಂದು ಹುಡುಕುವಾಗ ಅವರು ಬೆರಳನ್ನು ಬ್ರೈಲ್ ಪಟ್ಟಿಯ ಮೇಲಿಡುತ್ತಾರೆ. ಕಂಪ್ಯೂಟರಿಗೆ ಜೋಡಿಸಿದ ಆ ಪಟ್ಟಿಯಲ್ಲಿ ಸಣ್ಣ ಮೊಳೆಗಳು ಮೇಲೆದ್ದು ಇಳಿದು ಸಾಲು ಸಾಲಾಗಿ ಬರಹ ಮೂಡಿಸುತ್ತವೆ. ಕೇಳಿದರೆ ವಿಷಯ ತಿಳಿಯುತ್ತದೆ, ಓದಿದರೆ ಕಾಗುಣಿತ ತಿಳಿಯುತ್ತದೆ ಎಂಬ ವ್ಯತ್ಯಾಸವನ್ನು ಹನ್ನೆರಡರ ಲೂಯಿ ಕಂಡುಕೊಂಡಿದ್ದು ಸುಮ್ಮನೆ ಅಲ್ಲ.

ಕೊನೆಯದಾಗಿ ನಮ್ಮ ಶಾಲೆಯ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಗವೈಕಲ್ಯದ ಕಾರಣಕ್ಕೆ ಭೇದ ಮಾಡದೆ ಮಗುವನ್ನು ಸೇರಿಸಿಕೊಂಡು, ಎಲ್ಲರ ಜೊತೆ ಕಲಿಸಬೇಕು. ಬೆಷೆರೆ ಮೇಷ್ಟ್ರಿಗೆ ಇಲ್ಲದಿದ್ದ ಕಾನೂನು ನಮಗಿದೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ; ಅದನ್ನು ಆರಂಭಿಸಿದವರೂ ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯಾದ ಯುವಕರೇ. ಅದು ಕನ್ನಡವನ್ನೂ ಓದುತ್ತದೆ. ಆದರೆ ಒಂದು ಷರತ್ತು: ಬರಹ ಯುನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ನಮ್ಮ ಕಣ್ಣಿಗೆ ಕನ್ನಡ. ಯಂತ್ರದ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪ್ರಶ್ನೆಪತ್ರಿಕೆಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಸಾಮಾನ್ಯ ಸ್ಕ್ರೀನ್ ರೀಡರಿಗೆ ಅದು ಬರೀ ಚಿತ್ರ. ಟಿಪ್ಪಣಿ, ಪ್ರಶ್ನೆಪತ್ರಿಕೆ, ಸುತ್ತೋಲೆಗಳನ್ನು ಯುನಿಕೋಡ್ ಪಠ್ಯವಾಗಿಯೇ ಸಿದ್ಧಪಡಿಸುವುದಕ್ಕೆ ಹೆಚ್ಚಿನ ಹಣ ಬೇಡ, ಅಭ್ಯಾಸವೊಂದು ಬೇಕು.

ಆದ್ದರಿಂದ ಸಂಚಿಕೆಯ ಸಮಿತಿಯಲ್ಲಿ ನನ್ನದೊಂದು ಬಿನ್ನಹ. ಈ ಸಂಪುಟವನ್ನು ಅಚ್ಚು ಹಾಕಿಸುವ ಜೊತೆಗೆ ಅದರ ಯುನಿಕೋಡ್ ಪ್ರತಿಯೊಂದನ್ನು ಶಾಲೆಯ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳೋಣ. ಬೆರಳಚ್ಚು, ಪರಿವರ್ತನೆಯ ಕೆಲಸವನ್ನು ನಮ್ಮ ಬ್ಯಾಚಿನ ಗೆಳೆಯರು ಮಾಡಿಕೊಡುತ್ತೇವೆ. ಪಠ್ಯ ಆ ರೂಪದಲ್ಲಿದ್ದರೆ ಅದನ್ನು ಕೇಳಿಸಬಹುದು, ಅಕ್ಷರ ದೊಡ್ಡದು ಮಾಡಬಹುದು, ಬ್ರೈಲ್‌ಗೂ ತಿರುಗಿಸಬಹುದು. ಐವತ್ತು ವರ್ಷಗಳ ನಮ್ಮ ಶಾಲೆಯ ಕಥೆಯನ್ನು ಮುಂದೊಂದು ದಿನ ನಮ್ಮೂರಿನ ಕಣ್ಣು ಕಾಣದ ಹುಡುಗಿಯೊಬ್ಬಳು ಯಾರ ಹಂಗೂ ಇಲ್ಲದೆ ತಾನೇ ಓದಲಿ.